ಹಳೇ ಫಿಸ್ಟುಲಾ ಇದ್ದವರಿಗೆ ಈ ಕ್ಲಿನಿಕ್ ಹೇಗೆ?

ಮೊದಲು ದೂರು. ಗುದದ ಫಿಸ್ಟುಲಾ (ಗುದದ ಒಳಗಿನಿಂದ ಪಕ್ಕದ ಚರ್ಮಕ್ಕೆ ಕೊರೆದುಕೊಂಡು ಕೀವು ಸೋರುವ ಸುರಂಗ) ಇರುವವರೇ ಬರುವ ಜಾಗದಲ್ಲಿ ಕಾಯಲು ಗಟ್ಟಿ ಪ್ಲಾಸ್ಟಿಕ್ ಕುರ್ಚಿ ಹಾಕಿದ್ದಾರೆ. ಯಾರಿಗೆ ಹೊಳೆದ ಐಡಿಯಾನೋ! ನಾನಂತೂ ನಿಂತೇ ಇದ್ದೆ. ಕಾಯಿಸುವುದೂ ಜಾಸ್ತಿ.

ಒಳಗೆ ಹೋದ ಮೇಲೆ ಬೇರೆಯೇ ಅನುಭವ. ನನಗೆ ಕ್ರೋನ್ಸ್ ಕಾಯಿಲೆ ಇದೆ, ಅಂದರೆ ಕರುಳಿನಲ್ಲಿ ಬಹುಕಾಲ ಉಳಿಯುವ ಉರಿಯೂತ. ಫಿಸ್ಟುಲಾ ಶುರುವಾಗಿ 10 ವರ್ಷ ದಾಟಿದೆ. ಹಿಂದೆ ತೋರಿಸುತ್ತಿದ್ದ ಕಡೆ ಕೀವು ಅಂದರೆ ಸಾಕು, ಸುಮ್ನೆ ಆ್ಯಂಟಿಬಯಾಟಿಕ್ ಬರೆದು ಕಳಿಸುತ್ತಿದ್ದರು. ಇಲ್ಲಿನ ಸರ್ಜನ್ ಮೊದಲು ಕೇಳಿದ್ದೇ, "ಈಚೆಗೆ ಏನಾದರೂ ಬದಲಾಗಿದೆಯಾ?" ಬದಲಾಗಿತ್ತು. ನೋವು ಬಿಡುತ್ತಲೇ ಇರಲಿಲ್ಲ. ಕೀವಿನ ಜೊತೆ ಅಂಟಂಟಾದ ಲೋಳೆ ಬರುತ್ತಿತ್ತು.

ವರ್ಷಗಟ್ಟಲೆ ಉರಿಯೂತ ಇರುವ ಫಿಸ್ಟುಲಾದ ಒಳಗೇ ಕ್ಯಾನ್ಸರ್ ಹುಟ್ಟಬಹುದು ಎಂದು ಅವರು ಬಿಡಿಸಿ ಹೇಳಿದರು. ತೀರಾ ಅಪರೂಪ. ಆದರೆ ಹಿಡಿಯುವುದು ಕಷ್ಟ, ಯಾಕಂದರೆ ನೋವು, ಸೋರುವುದು, ಗಂಟು ಎಲ್ಲವೂ ಫಿಸ್ಟುಲಾದಲ್ಲೂ ಇರುವಂಥವೇ. ಕೊಲೊನೋಸ್ಕೋಪಿಯಲ್ಲಿ (ಕ್ಯಾಮೆರಾ ಕೊಳವೆ ಹಾಕಿ ನೋಡುವ ಪರೀಕ್ಷೆ) ಕರುಳಿನ ಒಳಪದರ ಚೆನ್ನಾಗೇ ಕಂಡರೂ ಗಡ್ಡೆ ಆಚೆ ಅಡಗಿರಬಹುದು. 1934ರಲ್ಲಿ ರಾಸರ್ ಎಂಬ ವೈದ್ಯರು ಇಂಥ ಕ್ಯಾನ್ಸರ್ ಗುರುತಿಸಲು ಬರೆದ ನಿಯಮಗಳಲ್ಲಿ ಒಂದು, ಫಿಸ್ಟುಲಾ ಕನಿಷ್ಠ 10 ವರ್ಷ ಹಳೆಯದಿರಬೇಕು ಎಂಬುದಂತೆ. ನನ್ನ ಲೆಕ್ಕಕ್ಕೆ ಸರಿಯಾಗಿ ಕೂತಿತು!

ಕಾಂಟ್ರಾಸ್ಟ್ (ಸ್ಕ್ಯಾನ್‌ನಲ್ಲಿ ವ್ಯತ್ಯಾಸ ಎದ್ದು ಕಾಣಲು ಕೊಡುವ ಔಷಧ) ಕೊಟ್ಟು ಎಂಆರ್‌ಐ ಮಾಡಿಸಿದರು. ಅದಿಲ್ಲದಿದ್ದರೆ ಗಡ್ಡೆಯ ಲೋಳೆಯೂ ಕೀವೂ ಸ್ಕ್ಯಾನ್‌ನಲ್ಲಿ ಒಂದೇ ಥರ ಬೆಳ್ಳಗೆ ಕಾಣಬಹುದಂತೆ. ಆಮೇಲೆ ಅನಸ್ತೇಷಿಯಾ ಕೊಟ್ಟು ಪರೀಕ್ಷೆ. ಫಿಸ್ಟುಲಾದ ಒಳಗನ್ನು ಕೆರೆದು, ಬೇರೆ ಬೇರೆ ಕಡೆಯಿಂದ ಚೂರು ತೆಗೆದು ಬಯಾಪ್ಸಿಗೆ ಕಳಿಸಿದರು. ಕೀವು ಹೊರಗೆ ಹೋಗಲಿ ಎಂದು ಫಿಸ್ಟುಲಾದ ಮೂಲಕ ಸೀಟನ್ ಎಂಬ ದಾರ ಹಾಕಿದರು.

ಕ್ಯಾನ್ಸರ್ ಸಿಗಲಿಲ್ಲ. ಆದರೂ "ಒಂದು ಬಯಾಪ್ಸಿ ಚೆನ್ನಾಗಿ ಬಂತು ಅಂತ ಮರೆತುಬಿಡಬೇಡಿ, ಮತ್ತೆ ಬದಲಾದರೆ ಮತ್ತೆ ಚೂರು ತೆಗೆಯುತ್ತೇವೆ" ಎಂದರು. ಕ್ಯಾನ್ಸರ್ ಆಗಿದ್ದರೆ ಏನು ಎಂದೂ ಕೇಳಿದೆ. ಸಾಮಾನ್ಯವಾಗಿ ರೇಡಿಯೇಷನ್, ಕೀಮೋ, ಆಮೇಲೆ ಗುದವನ್ನೇ ತೆಗೆದು ಹೊಟ್ಟೆಯ ಮೇಲೆ ಮಲಕ್ಕೆ ಶಾಶ್ವತ ಚೀಲ. ಮುಚ್ಚುಮರೆಯಿಲ್ಲದೆ ಹೇಳಿದರು. ಈ ಮಾತು ಎಲ್ಲರಿಗೂ ಹಿಡಿಸಲಿಕ್ಕಿಲ್ಲ, ನನಗೆ ಹಿಡಿಸಿತು.

5ಕ್ಕೆ 4 ಸ್ಟಾರ್. ಬಯಾಪ್ಸಿ ರಿಪೋರ್ಟ್ ತಡವಾಯಿತು, ಫೋನ್ ಯಾರೂ ಎತ್ತುವುದಿಲ್ಲ. ನೇರವಾಗಿ ಹೋಗಿ ನರ್ಸ್ ಹತ್ತಿರ ಕೇಳಿ. ಹಳೇ ಎಂಆರ್‌ಐ ಸಿಡಿಗಳಿದ್ದರೆ ತಪ್ಪದೆ ಒಯ್ಯಿರಿ, ಹೊಸದರ ಪಕ್ಕ ಇಟ್ಟು ನೋಡುತ್ತಾರೆ.