ರೆವೆರಿ ಆ್ಯಪ್: ಹಳೇ ನೋವಿಗೆ ಹಿಪ್ನಾಸಿಸ್ ಎಷ್ಟು ಕೆಲಸಕ್ಕೆ ಬರುತ್ತೆ?

ಹಿಪ್ನಾಸಿಸ್ ಅಂದ ಕೂಡಲೇ ನಮ್ಮಲ್ಲಿ ಬಹಳ ಜನಕ್ಕೆ ನೆನಪಾಗುವುದು ಬಸ್ ಸ್ಟ್ಯಾಂಡ್ ಗೋಡೆಯ ವಶೀಕರಣದ ಪೋಸ್ಟರು. ರೆವೆರಿ ಆ ಪೈಕಿಯದ್ದಲ್ಲ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಮನೋವೈದ್ಯ ಡೇವಿಡ್ ಸ್ಪೀಗೆಲ್ ದಶಕಗಳಿಂದ ರೋಗಿಗಳಿಗೆ ಕಲಿಸುತ್ತ ಬಂದ ಸ್ವಸಂಮೋಹನವೇ, ಅಂದರೆ ಗಮನವನ್ನು ಒಂದೇ ಕಡೆ ನೆಟ್ಟು ತನಗೆ ತಾನೇ ಹಿಪ್ನಾಸಿಸ್ ಮಾಡಿಕೊಳ್ಳುವ ವಿಧಾನವೇ, ಇಲ್ಲಿ ಫೋನಿಗೆ ಇಳಿದಿದೆ. ದನಿಯೂ ಅವರದೇ. ನಿದ್ದೆಗೆ, ಆತಂಕಕ್ಕೆ, ಸಿಗರೇಟು ಬಿಡುವುದಕ್ಕೂ ಇದರಲ್ಲಿ ಸೆಷನ್‌ಗಳಿವೆ. ಈ ವಿಮರ್ಶೆ ನೋವಿನ ಭಾಗದ್ದು ಮಾತ್ರ, ಅದೂ ಮೂರು ತಿಂಗಳು ದಾಟಿದ, ಡಾಕ್ಟರು ನೋಡಿ ಕಾರಣ ಹೇಳಿರುವ ಸೊಂಟ, ಕತ್ತು, ಮಂಡಿ ನೋವಿನವರಿಗಾಗಿ.

ನೋವಿನ ಸೆಷನ್ ಶುರುವಾಗುವುದೇ 0ಯಿಂದ 10ರ ಲೆಕ್ಕದಲ್ಲಿ ನೋವೆಷ್ಟು ಎಂಬ ಪ್ರಶ್ನೆಯಿಂದ. ಆಮೇಲೆ ಸ್ಪೀಗೆಲ್ ಅವರ ಮೂರು ಹೆಜ್ಜೆ: ತಲೆ ಎತ್ತದೆ ಕಣ್ಣುಗುಡ್ಡೆಯನ್ನಷ್ಟೇ ಮೇಲಕ್ಕೆ ತಿರುಗಿಸುವುದು, ದೃಷ್ಟಿ ಮೇಲಿರುವಾಗಲೇ ರೆಪ್ಪೆ ನಿಧಾನಕ್ಕೆ ಮುಚ್ಚಿ ಉಸಿರು ಎಳೆದುಕೊಳ್ಳುವುದು, ಉಸಿರು ಬಿಡುತ್ತ ಕಣ್ಣು ಸಡಿಲಿಸಿ ಮೈ ತೇಲುತ್ತಿದೆ ಅಂದುಕೊಳ್ಳುವುದು. ಅಲ್ಲಿಂದ ಮುಂದೆ ಅಸಲಿ ಕೆಲಸ. ನೋಯುವ ಜಾಗ ಬೆಚ್ಚಗಾಗುತ್ತಿದೆ ಅಥವಾ ತಂಪಾಗುತ್ತಿದೆ, ಜುಮ್ಮೆನ್ನುತ್ತ ಮರಗಟ್ಟುತ್ತಿದೆ ಎಂದು ಕಲ್ಪಿಸಿಕೊಳ್ಳಬೇಕು. ಕೊನೆಗೆ ಮತ್ತೆ ನಂಬರು ಕೇಳುತ್ತೆ.

ಆ ಒಂದೇ ನಂಬರು ಸಾಲದು. ಪಕ್ಕದಲ್ಲೊಂದು ಚೀಟಿ ಇಟ್ಟುಕೊಂಡು ಎರಡು ಬರೆಯಿರಿ: ನೋವು ಎಷ್ಟು, ನೋವಿನ ಕಾಟ ಎಷ್ಟು. 1997ರಲ್ಲಿ ಪ್ರಕಟವಾದ ಹೆಸರಾಂತ ಪ್ರಯೋಗವೊಂದರಲ್ಲಿ, ಸುಡುವಷ್ಟು ಬಿಸಿಯಾದ ನೀರಿಗೆ ಕೈ ಇಟ್ಟವರಿಗೆ ಹಿಪ್ನಾಸಿಸ್‌ನಲ್ಲಿ 'ಕಾಟ'ವನ್ನಷ್ಟೇ ಏರಿಳಿಸುವ ಸೂಚನೆ ಕೊಟ್ಟಿದ್ದರು. ಮಿದುಳಿನ ಆಂಟೀರಿಯರ್ ಸಿಂಗ್ಯುಲೇಟ್ ಎಂಬ ಭಾಗದ ಚಟುವಟಿಕೆ ಅದಕ್ಕೆ ತಕ್ಕಂತೆ ಬದಲಾಯಿತು. ಎಲ್ಲಿ, ಎಷ್ಟು ಬಿಸಿ ಎಂದು ಗುರುತಿಸುವ ಭಾಗದಲ್ಲಿ ಅಂಥ ಬದಲಾವಣೆ ಕಾಣಲಿಲ್ಲ. ಹಾಗಾಗಿ ಮೊದಲ ವಾರಗಳಲ್ಲಿ ನೋವು 6ರಲ್ಲೇ ನಿಂತು ಕಾಟ ಮಾತ್ರ 7ರಿಂದ 4ಕ್ಕೆ ಇಳಿಯಬಹುದು. ಚೀಟಿ ಇಲ್ಲದವರು ಇದನ್ನೇ 'ಏನೂ ಆಗಲಿಲ್ಲ' ಅಂದುಕೊಂಡು ಬಿಟ್ಟುಬಿಡುತ್ತಾರೆ.

ಎಲ್ಲರಿಗೂ ಒಂದೇ ಫಲ ಸಿಗದು. ಹಿಪ್ನಾಸಿಸ್‌ಗೆ ಒಗ್ಗುವ ಗುಣ ಒಬ್ಬೊಬ್ಬರಲ್ಲಿ ಒಂದೊಂದು ಥರ, ಅದನ್ನು ಅಳೆಯುವ ಪರೀಕ್ಷೆ ಆ್ಯಪಿನಲ್ಲೇ ಇದೆ. ಮೊದಲು ಅದನ್ನು ಮಾಡಿ. 85 ಪ್ರಯೋಗಗಳನ್ನು ಒಟ್ಟಿಗೆ ತೂಗಿದ 2019ರ ಅಧ್ಯಯನವೊಂದರಲ್ಲಿ, ಚೆನ್ನಾಗಿ ಒಗ್ಗುವವರಿಗೆ ನೋವು 42%, ಮಧ್ಯಮದವರಿಗೆ 29% ತಗ್ಗಿತ್ತು. ಅವೆಲ್ಲ ಪ್ರಯೋಗಾಲಯದಲ್ಲಿ ಉಂಟುಮಾಡಿದ ನೋವುಗಳು. ಹತ್ತು ವರ್ಷದ ಸೊಂಟನೋವಿಗೆ ಅದೇ ಲೆಕ್ಕ ಹಿಡಿಯಬೇಡಿ.

ಕೈಕೊಡುವುದು ಹೆಚ್ಚಾಗಿ ಎರಡು ಕಡೆ. ಒಂದು, ನೋವು 9ಕ್ಕೆ ಏರಿದಾಗ ಮೊದಲ ಸಲ ಹಾಕಿಕೊಳ್ಳುವುದು. ಇದು ಈಜಿನ ಹಾಗೆ, ಹೊಳೆಗೆ ಬಿದ್ದ ಮೇಲೆ ಕಲಿಯುವಂಥದ್ದಲ್ಲ. ನೋವು 3–4 ಇರುವ ಹೊತ್ತಿನಲ್ಲಿ, ಕುರ್ಚಿಯಲ್ಲಿ ಬೆನ್ನಿಗೆ ಆಸರೆ ಕೊಟ್ಟು ಕೂತು, ದಿನಾ ಎರಡು ಹೊತ್ತು ಅಭ್ಯಾಸ ಬೇಕು. ಮಲಗಿ ಕೇಳಿದರೆ ನಿದ್ದೆ ಬರುತ್ತೆ, ಕೌಶಲ ಬರಲ್ಲ. ಇನ್ನೊಂದು, ಕಲ್ಪಿಸಿಕೊಳ್ಳುವ ಚಿತ್ರ ನಿಮ್ಮ ನೋವಿಗೆ ಹೊಂದದಿರುವುದು. ಉರಿಯುವ ಪಾದಕ್ಕೆ 'ಬೆಚ್ಚಗಾಗುತ್ತಿದೆ' ಅಂದರೆ ಉರಿ ಏರಿದ ಹಾಗನ್ನಿಸಬಹುದು, ಚಳಿಗೆ ಹಿಡಿದುಕೊಳ್ಳುವ ಮಂಡಿಗೆ ಮಂಜುಗಡ್ಡೆ ಬೇಡ. ಬಿಸಿನೀರಿನ ಚೀಲ, ಐಸು, ಇವೆರಡರಲ್ಲಿ ನಿಜವಾಗಿ ಯಾವುದು ಹಿತ ಅನ್ನಿಸುತ್ತೋ ಅದನ್ನೇ ಆರಿಸಿಕೊಳ್ಳಿ.

ಕನ್ನಡದವರಿಗೆ ದೊಡ್ಡ ಕೊರತೆ ಭಾಷೆ. ಸ್ಪೀಗೆಲ್ ಇಂಗ್ಲಿಷ್ ನಿಧಾನ, ಸ್ಪಷ್ಟ, ನಿಜ. ಆದರೆ ಮನಸ್ಸಿನೊಳಗೆ ಅನುವಾದ ಓಡುತ್ತಿದ್ದರೆ ಮೈ ತೇಲುವುದು ಹೇಗೆ? ಎರಡು ವಾರ ಆ್ಯಪಿನಲ್ಲಿ ಕ್ರಮ ಕಲಿತು, ಆಮೇಲೆ ಅದೇ ಫೋನಿನಲ್ಲಿ ನಿಮ್ಮ ಮಾತಿನಲ್ಲೇ ಎಂಟು ನಿಮಿಷ ರೆಕಾರ್ಡ್ ಮಾಡಿಕೊಳ್ಳಿ. 'ನಾನು' ಅನ್ನಿ, 'ನೀನು' ಬೇಡ. 'ನೋವಿಲ್ಲ' ಅಂದರೆ ಗಮನ ನೋವಿಗೇ ಹೋಗುತ್ತೆ. ಅದರ ಬದಲು ಹೀಗೆ: 'ಹಲ್ಲಿನ ಡಾಕ್ಟರ ಸೂಜಿ ಆದ ಮೇಲೆ ದವಡೆ ದಪ್ಪಗಾಗುತ್ತಲ್ಲ, ಆ ಜೋಮು ನನ್ನ ಸೊಂಟದ ಎಡಭಾಗದಲ್ಲಿ ಹರಡ್ತಾ ಇದೆ.' ವಾಕ್ಯ ವಾಕ್ಯದ ನಡುವೆ ಒಂದು ಉಸಿರಿನಷ್ಟು ಬಿಡುವಿರಲಿ.

ಹೊಸ ನೋವು, ಎದೆನೋವು, ಜ್ವರ ಅಥವಾ ಕಾಲಿನ ಬಲಹೀನತೆ ಜೊತೆಗಿರುವ ಬೆನ್ನುನೋವು ಇದ್ದರೆ ಫೋನು ಬದಿಗಿಟ್ಟು ಆಸ್ಪತ್ರೆಗೆ ಹೋಗಿ. ಮಾತ್ರೆ ತಾವಾಗಿಯೇ ನಿಲ್ಲಿಸುವುದು ಬೇಡ. ಸೈಕೋಸಿಸ್‌ಗೆ (ಇಲ್ಲದ್ದು ಕಾಣುವ, ಕೇಳಿಸುವಂಥ ಮನೋರೋಗಕ್ಕೆ) ಚಿಕಿತ್ಸೆಯಲ್ಲಿರುವವರು ಮನೋವೈದ್ಯರನ್ನು ಕೇಳದೆ ಶುರುಮಾಡಬಾರದು. ಗಾಡಿ ಓಡಿಸುವಾಗಲಂತೂ ಬೇಡವೇ ಬೇಡ.

ಆ್ಯಪ್ ನಡೆಯುವುದು ಚಂದಾ ಮೇಲೆ. ಕಲಿಯಲು ಬೇಕಾದಷ್ಟು ದಿನಕ್ಕೆ ಕಟ್ಟಿದರೆ ಸಾಕು, ಇಡೀ ವರ್ಷದ್ದು ಮೊದಲೇ ತೆಗೆದುಕೊಳ್ಳುವ ಅಗತ್ಯವಿಲ್ಲ. ಸಾಕೆನಿಸಿದಾಗ ಪ್ಲೇ ಸ್ಟೋರ್‌ನ ಸಬ್‌ಸ್ಕ್ರಿಪ್ಷನ್ ಪಟ್ಟಿಗೆ ಹೋಗಿ ರದ್ದುಮಾಡಿ. ಆ್ಯಪ್ ಅಳಿಸಿದರೆ ಚಂದಾ ನಿಲ್ಲಲ್ಲ, ದುಡ್ಡು ಕಟ್ ಆಗುತ್ತಲೇ ಇರುತ್ತೆ.