ಕ್ಯಾರವಾನ್‌ಗೆ ಗ್ಯಾಸ್ ಫ್ರಿಜ್ಜೋ, ಕಂಪ್ರೆಸರ್ ಫ್ರಿಜ್ಜೋ?

ಒಳನಾಡಿನ ಒಣ ಬಿಸಿಲಿನಿಂದ ಕಡಲತೀರದವರೆಗೆ ಕ್ಯಾರವಾನ್ ಎಳೆದುಕೊಂಡು ಹೋಗುವುದಾದರೆ, ಮನೆಯ ಫ್ರಿಜ್ಜಿನ ಹಾಗೆ ಕಂಪ್ರೆಸರ್ ಇದ್ದು ಬ್ಯಾಟರಿಯಲ್ಲಿ ನಡೆಯುವ ಕಂಪ್ರೆಸರ್ ಫ್ರಿಜ್ಜನ್ನೇ ಹಾಕಿಸಿ. ಗ್ಯಾಸ್, 12 ವೋಲ್ಟ್, ಮನೆ ಕರೆಂಟ್ ಮೂರರಲ್ಲೂ ನಡೆಯುವ ತ್ರೀ-ವೇ ಫ್ರಿಜ್ಜನ್ನು ಅಂಥದೇ ದಾರಿಯಲ್ಲಿ ಬಳಸಿ, ಕೊನೆಗೆ ಕಿತ್ತು ಬದಲಾಯಿಸಿದ ಮೇಲೆ ಹೇಳುತ್ತಿರುವ ಮಾತಿದು.

ತ್ರೀ-ವೇ ಕೈಕೊಡುವುದು ಗಾಡಿ ಓಡುವಾಗ. ಆಗ ಗ್ಯಾಸ್ ಆರಿಸಿ 12 ವೋಲ್ಟಿಗೆ ತಿರುಗಿಸಿರುತ್ತೇವೆ. ಈ ಫ್ರಿಜ್ ತಣಿಸುವುದೇ ಶಾಖದ ಬಲದಿಂದ; ಗ್ಯಾಸ್ ಉರಿಯ ಬದಲು ಆಗ ಕಾಯಿಸುವ ಒಳಗಿನ ಹೀಟರ್ ಸುಮಾರು 175 ವಾಟಿನದು, ಅಂದರೆ 14–15 ಆಂಪ್ ಕರೆಂಟು, ಅದೂ ಬಿಡುವಿಲ್ಲದೆ. ಗಾಡಿಯ ಬ್ಯಾಟರಿಯಿಂದ ಫ್ರಿಜ್ಜಿಗೆ ಹತ್ತು ಮೀಟರ್ ವೈರು. ಪ್ಲಸ್, ಮೈನಸ್ ಸೇರಿ ಇಪ್ಪತ್ತು. ಅದು 2.5 ಸ್ಕ್ವೇರ್ ಎಂಎಂ ಆಗಿದ್ದರೆ ರೋಧ 0.14 ಓಮ್. ಸ್ಮಾರ್ಟ್ ಆಲ್ಟರ್ನೇಟರ್ (ಎಂಜಿನ್ ಓಡುವಾಗ ಬೇಕಾದಷ್ಟೇ ಕರೆಂಟು ತಯಾರಿಸುವ ಯಂತ್ರ) ಇರುವ ಗಾಡಿಯಲ್ಲಿ ಬ್ಯಾಟರಿ ತುಂಬಿದ ಮೇಲೆ ವೋಲ್ಟೇಜ್ 12.5ರ ಆಸುಪಾಸಿಗೆ ಇಳಿಯುತ್ತದೆ, ಆಗ ಫ್ರಿಜ್ಜಿಗೆ ಮುಟ್ಟುವುದು 10.7. ಹೀಟರಿನ ಶಕ್ತಿ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಕುಸಿಯುವುದರಿಂದ 175 ವಾಟ್ ಇದ್ದದ್ದು 139ಕ್ಕೆ ಬರುತ್ತದೆ. ಹೊರಗೆ 42 ಡಿಗ್ರಿ ಇರುವ ಹೊತ್ತಿನಲ್ಲೇ ಈ ಖೋತಾ. ಸಂಜೆ ಬಾಗಿಲು ತೆಗೆದರೆ ಬೆಣ್ಣೆ ಡಬ್ಬಿಯೊಳಗೆ ಎಣ್ಣೆಯ ಹಾಗೆ ಅತ್ತಿತ್ತ ಹೊರಳುತ್ತಿರುತ್ತದೆ.

ಈ ದೋಷ ಸುಲಭಕ್ಕೆ ಸಿಕ್ಕಿಬೀಳುವುದಿಲ್ಲ. ಫ್ರಿಜ್ ಆಫ್ ಮಾಡಿ ಮಲ್ಟಿಮೀಟರ್ ಹಿಡಿದರೆ ಸರಿಯಾಗಿ 12.5 ತೋರಿಸುತ್ತದೆ, ಏಕೆಂದರೆ ಕರೆಂಟು ಹರಿಯದಿದ್ದರೆ ವೈರಿನಲ್ಲಿ ನಷ್ಟವೂ ಇಲ್ಲ. ಎಂಜಿನ್ ಓಡುತ್ತಿರಬೇಕು, ಹೀಟರ್ ಆನ್ ಇರಬೇಕು, ಫ್ರಿಜ್ಜಿನ ಟರ್ಮಿನಲ್ಲಿನಲ್ಲೇ ಅಳೆಯಬೇಕು. 11.5ಕ್ಕಿಂತ ಕಡಿಮೆ ಬಂದರೆ ಎರಡೂ ವೈರನ್ನು 16 ಸ್ಕ್ವೇರ್ ಎಂಎಂಗೆ ಬದಲಾಯಿಸಿ. ವೈರಿನ ನಷ್ಟ 0.3 ವೋಲ್ಟಿಗೆ ನಿಲ್ಲುತ್ತದೆ. ಮೈನಸ್ಸಿಗೆ ಗಾಡಿಯ ಲೋಹದ ಚೌಕಟ್ಟನ್ನು (ಚಾಸಿ) ನೆಚ್ಚಬೇಡಿ. ಗಾಡಿಗೂ ಕ್ಯಾರವಾನ್‌ಗೂ ನಡುವಿನ ಪ್ಲಗ್ಗನ್ನು ಅರ್ಧ ಗಂಟೆ ಓಡಿಸಿದ ಮೇಲೆ ಮುಟ್ಟಿ ನೋಡಿ. ಬಿಸಿಯಾಗಿದ್ದರೆ ಪಿನ್ನು ಸಡಿಲವಾಗಿರಬಹುದು, ಇಲ್ಲವೇ ಕಿಲುಬು ಹಿಡಿದಿರಬಹುದು.

ವೈರು ಸರಿಮಾಡಿದರೂ ಸೆಕೆ ಬಿಡುವುದಿಲ್ಲ. ಈ ಫ್ರಿಜ್ ತನ್ನ ಬೆನ್ನ ಹಿಂದಿನ ಬಿಸಿಯನ್ನು ಮೇಲಿನ ಗಾಳಿಕಿಂಡಿಯಿಂದ ಹೊರಹಾಕಬೇಕು. ಅಲ್ಲಿ 12 ಸೆಂಟಿಮೀಟರಿನ ಎರಡು ಫ್ಯಾನು ಕೂರಿಸಿದರೆ ಗುಣ ಕಾಣುತ್ತದೆ. ಆದರೆ ಮಣ್ಣು ರಸ್ತೆಯಲ್ಲಿ ಧೂಳು ನುಗ್ಗುವುದೂ ಇವೇ ಕಿಂಡಿಗಳಿಂದ, ಮುಚ್ಚುವ ಹಾಗೂ ಇಲ್ಲ. ಓರೆಯಾಗಿ ನಿಂತರೆ ಈ ಫ್ರಿಜ್ ಸರಿಯಾಗಿ ತಣಿಸುವುದಿಲ್ಲ, ಹಾಗಾಗಿ ನಿಲ್ಲಿಸಿದಲ್ಲೆಲ್ಲ ಫ್ರೀಜರಿನ ತಳದಲ್ಲಿ ರಸಮಟ್ಟ ಇಟ್ಟು ನೋಡುವ ಕೆಲಸ ಬೇರೆ.

ಕಂಪ್ರೆಸರಿಗೆ ಓರೆಕೋರೆಯ ಚಿಂತೆಯಿಲ್ಲ. ಓಡುವಾಗ 50 ವಾಟಿನಷ್ಟು ಎಳೆಯುತ್ತದೆ. ಬಿರುಬಿಸಿಲಿನಲ್ಲಿ ದಿನದ ಅರ್ಧ ಹೊತ್ತು ಓಡಿದರೂ 50 ಆಂಪ್-ಅವರ್. 100 ಆಂಪ್-ಅವರ್ ಲಿಥಿಯಂ ಬ್ಯಾಟರಿ, ಗಾಡಿಯಿಂದ ತುಂಬಲು 25 ಆಂಪಿನ ಡಿಸಿ-ಡಿಸಿ ಚಾರ್ಜರ್, 200 ವಾಟ್ ಸೋಲಾರ್ ಸಾಕು. ಇದಕ್ಕೂ ಸಣ್ಣ ವೈರು ಆಗದು. ಕಂಪ್ರೆಸರ್ ಎದ್ದ ಕ್ಷಣ ವೋಲ್ಟೇಜ್ ಕುಸಿದು, ಬ್ಯಾಟರಿ ತುಂಬಿದ್ದರೂ ಫ್ರಿಜ್ ತಾನೇ ನಿಂತುಬಿಡುತ್ತದೆ. ಬ್ಯಾಟರಿಯಿಂದ ನೇರ 6 ಸ್ಕ್ವೇರ್ ಎಂಎಂ, ಅದಕ್ಕೇ ಮೀಸಲಾದ ಒಂದು ಫ್ಯೂಸು ಹಾಕಿ.

ಕರಾವಳಿ ಮುಟ್ಟಿದ ಮೇಲೆ ಉಪ್ಪುಗಾಳಿ ಎರಡನ್ನೂ ಕಾಡುತ್ತದೆ. ಗ್ಯಾಸಿನದರಲ್ಲಿ ಹೊಗೆ ಕೊಳವೆಯ ತುಕ್ಕು ಉದುರಿ ಬರ್ನರ್ ಮೇಲೆ ಬೀಳುತ್ತದೆ. ನೀಲಿ ಉರಿ ಹಳದಿಯಾಗಿ ಮಸಿ ಕಟ್ಟಿದರೆ ಗ್ಯಾಸ್ ಮುಚ್ಚಿ, ಬಿಸಿ ಆರಿದ ಮೇಲೆ ಮೆತ್ತನೆ ಬ್ರಷ್‌ನಿಂದ ಗುಡಿಸಿ, ಗ್ಯಾಸ್ ಹೊರಬರುವ ಸಣ್ಣ ತೂತಿಗೆ (ಜೆಟ್) ಪಿನ್ನು ಚುಚ್ಚಬೇಡಿ. ಕಂಪ್ರೆಸರಿನದರಲ್ಲಿ ತಾಮ್ರದ ತುದಿಗಳಿಗೆ ಹಸಿರು ಕಿಲುಬು ಹಿಡಿಯುತ್ತದೆ, ಮೊದಲೇ ತವರ ಲೇಪಿಸಿದ ವೈರು ಹಾಕಿಸಿದರೆ ಒಳ್ಳೆಯದು. ಸಾಲಾಗಿ ಮೂರು ದಿನ ಮೋಡ ಕವಿದರೆ ಬ್ಯಾಟರಿ ಸೋಲುತ್ತದೆ, ಗಾಡಿ ಓಡಿಸಲೇಬೇಕು.

ಕರೆಂಟಿಲ್ಲದ ನೆರಳಲ್ಲಿ ಹತ್ತು ದಿನ ಕದಲದೆ ಕೂರುವವರಿಗೆ ಗ್ಯಾಸೇ ಲೇಸು; ದಿನಕ್ಕೆ 300–400 ಗ್ರಾಂ ಸಾಕು, ಸದ್ದೂ ಇಲ್ಲ. ನನ್ನದು ದಿನವೂ ಮುಂದೆ ಹೋಗುವ ಪ್ರಯಾಣ, ಹಾಗಾಗಿ ಕಂಪ್ರೆಸರ್. ಇದರಲ್ಲಿ ಫ್ರಿಜ್ಜಿನ ಜತೆಗೆ ಬ್ಯಾಟರಿ, ಚಾರ್ಜರ್‌ಗಳ ಖರ್ಚೂ ಸೇರುತ್ತದೆ. ಕೈಯಲ್ಲಿ ಅಷ್ಟು ಹಣ ಇಲ್ಲದಿದ್ದರೆ ಹಳೆಯ ತ್ರೀ-ವೇ ಇಟ್ಟುಕೊಂಡು ಈ ವರ್ಷ 16 ಸ್ಕ್ವೇರ್ ಎಂಎಂ ವೈರು, ಎರಡು ಫ್ಯಾನು ಹಾಕಿಸಿ. ಹೊರಡುವ ಹಿಂದಿನ ರಾತ್ರಿಯೇ ಫ್ರಿಜ್ಜನ್ನು ಮನೆ ಕರೆಂಟಿನಲ್ಲಿ ತಣ್ಣಗೆ ಮಾಡಿ, ತಣಿದ ಸಾಮಾನನ್ನೇ ತುಂಬಿ.