ಮಜ್ಜಿಗೆ, ಬಾಟಲಿ, ವಯಲ್, ಕ್ಯಾಪ್ಸೂಲ್: ನನ್ನ ಹೊಟ್ಟೆ ಕೊಟ್ಟ ಮಾರ್ಕ್ಸು

ಹೋದ ವರ್ಷ ಜನವರಿಯಲ್ಲಿ ನನ್ನ ದವಡೆ ಹಲ್ಲಿನ ಬೇರಿಗೆ ಕೀವಾಯಿತು. ದಂತವೈದ್ಯರು ಐದು ದಿನಕ್ಕೆ ಅಮಾಕ್ಸಿಸಿಲಿನ್-ಕ್ಲಾವುಲನೇಟ್ ಅನ್ನುವ ಆಂಟಿಬಯಾಟಿಕ್ ಬರೆದುಕೊಟ್ಟರು. ಎರಡನೇ ದಿನಕ್ಕೇ ಹಲ್ಲುನೋವು ಇಳಿಯಿತು. ಮೂರನೇ ದಿನ ಬೆಳಿಗ್ಗೆ ಹೊಟ್ಟೆ ಗುಡುಗುಡು ಅನ್ನಲು ಶುರುವಾಯಿತು. ಮಧ್ಯಾಹ್ನದೊಳಗೆ ನಾಲ್ಕು ಸಲ ಟಾಯ್ಲೆಟ್ಟಿಗೆ ಓಡಿದ್ದೆ. ಆ ಮಾತ್ರೆಯ ಕ್ಲಾವುಲನೇಟ್ ಭಾಗ ಹೊಟ್ಟೆ ಕೆಡಿಸುವುದಕ್ಕೆ ಹೆಸರುವಾಸಿಯಂತೆ. ಅದು ಗೊತ್ತಾಗುವ ಹೊತ್ತಿಗೆ ನಾನು ಓಆರ್‌ಎಸ್ ಕುಡಿಯುತ್ತಾ ಮಲಗಿದ್ದೆ.

ಮಲಗಿದವಳಿಗೆ ಸಲಹೆ ಕೊಡುವವರಿಗೇನು ಬರವೇ? ಪಕ್ಕದ ಮನೆಯವರು ಯಾಕುಲ್ಟ್ ಅನ್ನುವ ಪುಟ್ಟ ಬಾಟಲಿಯ ಹಾಲಿನ ಪಾನೀಯ ಕುಡೀರಿ ಅಂದರು. ಮೆಡಿಕಲ್ ಶಾಪಿನವರು ಪುಟ್ಟ ಪ್ಲಾಸ್ಟಿಕ್ ವಯಲ್ ಕೊಟ್ಟು, "ಇದೊಂದು ಕುಡೀರಿ ಮೇಡಂ, ಎಲ್ಲ ಸರಿಹೋಗುತ್ತೆ" ಅಂದರು. ಆಫೀಸಿನ ಗೆಳತಿ ಯಾವುದೋ ಕ್ಯಾಪ್ಸೂಲಿನ ಫೋಟೋ ಕಳಿಸಿದಳು. ಅತ್ತೆ ಮಾತ್ರ, "ಅದೆಲ್ಲ ಯಾಕೆ? ಹಾಲು ಬಿಡು, ಮಜ್ಜಿಗೆ ಹಿಡಿ" ಅಂದು ಕಡೆಗೋಲು ತೆಗೆದರು. ಮೊದಲ ಮೂರಕ್ಕೂ ಅಂಗಡಿಯಲ್ಲಿ ಒಂದೇ ಹೆಸರು, ಪ್ರೋಬಯಾಟಿಕ್, ಅಂದರೆ ಹೊಟ್ಟೆಗೆ ಒಳ್ಳೆಯದು ಮಾಡುವ ಜೀವಂತ ಸೂಕ್ಷ್ಮಜೀವಿಗಳು. ಒಳಗಿರುವ ಜೀವಿಗಳು ಮಾತ್ರ ಒಂದಕ್ಕೊಂದು ಸಂಬಂಧವೇ ಇಲ್ಲದವು. ಕಡಲೆಬೇಳೆ ಕೇಳಿದವರಿಗೆ ಕಡಲೆಕಾಯಿ ಕೊಟ್ಟ ಹಾಗೆ.

ಹಾಗಾಗಿ ಒಂದೊಂದನ್ನೇ ನೋಡಿಬಿಡೋಣ ಅನ್ನಿಸಿತು. ಹಾಲಿನ ಲೆಕ್ಕದ ಪುಸ್ತಕದ ಹಿಂದಿನ ಹಾಳೆಯಲ್ಲಿ ದಿನಾ ಬರೆದಿಟ್ಟೆ. ಜನವರಿ ಮತ್ತು ಜುಲೈನಲ್ಲಿ ಎರಡು ಆಂಟಿಬಯಾಟಿಕ್ ಕೋರ್ಸು, ಮಧ್ಯೆ ನನ್ನ ಹಳೇ ಕಾಯಿಲೆ. ಅಂದರೆ ಊಟವಾಗಿ ಒಂದು ಗಂಟೆಗೆ ಹೊಟ್ಟೆ ತಮಟೆಯ ಹಾಗೆ ಉಬ್ಬುವುದು. ಒಬ್ಬಳ ಹೊಟ್ಟೆಯ ಲೆಕ್ಕ ಇದು, ವಿಜ್ಞಾನ ಅಲ್ಲ. ಆದರೂ ಬರೆದಿಟ್ಟದ್ದಕ್ಕೆ ಕೆಲವು ಭ್ರಮೆಗಳು ಹೋದವು.

ಮೊದಲು ವಯಲ್. ಅದರಲ್ಲಿ ಇರುವುದು ಬ್ಯಾಸಿಲಸ್ ಕ್ಲಾಸಿ ಅನ್ನುವ ಬ್ಯಾಕ್ಟೀರಿಯಾದ ಬೀಜಕಣ. ನಾನು ತಂದ ಐದು ಮಿಲಿಯ ವಯಲ್ ಮೇಲೆ 200 ಕೋಟಿ ಅಂತ ಬರೆದಿತ್ತು. ಕುಲುಕಿ, ಮೂತಿ ತಿರುಚಿ ಬಾಯಿಗೆ ಹಾಕಿಕೊಂಡರೆ ಆಯಿತು. ರುಚಿ ಇಲ್ಲ, ವಾಸನೆ ಇಲ್ಲ, ನೀರಿನ ಹಾಗೆ. ಬೀಜಕಣ ಅಂದರೆ ಗಟ್ಟಿ ಕವಚದೊಳಗೆ ನಿದ್ದೆ ಹೋಗಿರುವ ಬ್ಯಾಕ್ಟೀರಿಯಾ. ಹೊಟ್ಟೆಯ ಆಮ್ಲ ಅದನ್ನು ಸುಲಭಕ್ಕೆ ಮುರಿಯಲಾರದು. ಫ್ರಿಜ್ ಬೇಕಿಲ್ಲ. ಪ್ರಯಾಣದ ಬ್ಯಾಗಿಗೆ ಇದಕ್ಕಿಂತ ಅನುಕೂಲದ್ದು ಇಲ್ಲ. ಔಷಧಿಗೆ ಬಳಸುವ ತಳಿಗಳನ್ನು ಹಲವು ಆಂಟಿಬಯಾಟಿಕ್‌ಗಳನ್ನು ತಡೆದುಕೊಳ್ಳುತ್ತವೆ ಅಂತಲೇ ಆರಿಸಿರುತ್ತಾರೆ.

ನಾನು ದಿನಕ್ಕೆ ಎರಡರಂತೆ ಮೂರು ದಿನ ತೆಗೆದುಕೊಂಡೆ. ಬೇಧಿ ನಾಲ್ಕು ದಿನಕ್ಕೆ ನಿಂತಿತು. ವಯಲ್ ಗೆದ್ದಿತು ಅನ್ನೋಣವೇ? ಅಷ್ಟರಲ್ಲಿ ಆಂಟಿಬಯಾಟಿಕ್ ಕೋರ್ಸೂ ಮುಗಿದಿತ್ತು. ಬೆಂಕಿ ಆರಿದ ಮೇಲೆ ನೀರು ಹೊತ್ತು ತಂದವನಿಗೆ ಹಾರ ಹಾಕಿದಂತಾಗುತ್ತದೆ. ಪುಸ್ತಕದಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿಟ್ಟೆ.

ಫೆಬ್ರುವರಿ ಕೊನೆಗೆ ಯಾಕುಲ್ಟ್ ಶುರು ಮಾಡಿದೆ, 21 ದಿನ. ಇದರ ಕತೆ ಚೆನ್ನಾಗಿದೆ. ಜಪಾನಿನ ಮಿನೊರು ಶಿರೋಟಾ ಅನ್ನುವ ವೈದ್ಯ ವಿಜ್ಞಾನಿ 1930ರಲ್ಲಿ ಹೊಟ್ಟೆಯ ಆಮ್ಲ ದಾಟಿ ಬದುಕುವ ಒಂದು ಬ್ಯಾಕ್ಟೀರಿಯಾ ತಳಿಯನ್ನು ಬೆಳೆಸಿದರು. 1935ರಲ್ಲಿ ಅದು ಪಾನೀಯವಾಗಿ ಮಾರಾಟಕ್ಕೆ ಬಂತು. ಇವತ್ತಿಗೂ ತಳಿಗೆ ಅವರ ಹೆಸರೇ. ಇಲ್ಲಿ ಸಿಗುವ 65 ಮಿಲಿ ಬಾಟಲಿಯಲ್ಲಿ 650 ಕೋಟಿ ಬ್ಯಾಕ್ಟೀರಿಯಾ ಅಂತ ಲೇಬಲ್ ಹೇಳುತ್ತದೆ. ಯಾವ ತಳಿ, ಎಷ್ಟು ಅನ್ನುವುದು ಗೊತ್ತಿರುವುದೇ ಇದರ ದೊಡ್ಡ ಅನುಕೂಲ. ಇಲ್ಲಿ ಅಡಿಗೆಮನೆಯ ಅಂದಾಜು ಇಲ್ಲ.

ತೊಡಕು ಎರಡು. ಒಂದು ಸಿಹಿ. ಇಷ್ಟೇ ಇಷ್ಟು ಬಾಟಲಿಯಲ್ಲಿ ಹತ್ತಿರಹತ್ತಿರ ಎರಡು ಟೀ ಚಮಚ ಸಕ್ಕರೆ ಇದೆ. ನಮ್ಮ ಮನೆಯಲ್ಲಿ ಸಕ್ಕರೆ ಕಾಯಿಲೆಯವರಿದ್ದಾರೆ, ಅವರ ಕೈಗೆ ಕೊಡುವ ಹಾಗಿಲ್ಲ. ಇನ್ನೊಂದು ಫ್ರಿಜ್. ಇದನ್ನು ತಣ್ಣಗೇ ಇಡಬೇಕು. ಒಂದು ಸಲ ಬೇಕರಿಯಿಂದ ತಂದಿದ್ದು ಬೆಚ್ಚಗಿತ್ತು. ಕೇಳಿದರೆ, "ಕರೆಂಟ್ ಹೋಗಿತ್ತು ಮೇಡಂ, ಈಗ ಬಂತು" ಅಂದರು. ಅದರಲ್ಲಿ 650 ಕೋಟಿಯಲ್ಲಿ ಎಷ್ಟು ಉಳಿದಿದ್ದವೋ ಆ ಶಿವನೇ ಬಲ್ಲ. ಬಾಟಲಿಗೆ 20 ರೂಪಾಯಿ ಆಸುಪಾಸು. ನಾಲ್ಕು ಜನ ದಿನಾ ಕುಡಿದರೆ ತಿಂಗಳಿಗೆ 2,400 ರೂಪಾಯಿ. ನಮ್ಮ ಮನೆಯ ಹಾಲಿನ ಬಿಲ್ಲಿಗೆ ಸಮ.

ಫಲಿತಾಂಶ: 21 ದಿನದಲ್ಲಿ 11 ದಿನ ಉಬ್ಬರ. ಮೊದಲು ವಾರಕ್ಕೆ ನಾಲ್ಕೈದು ದಿನ ಇರುತ್ತಿತ್ತು. ಸ್ವಲ್ಪ ಕಡಿಮೆ, ಅಷ್ಟೇ. ಬೆಳಗಿನ ಕೆಲಸ ಮಾತ್ರ ಗಡಿಯಾರ ನೋಡಿದ ಹಾಗೆ ಸಲೀಸಾಯಿತು, ಅದನ್ನು ಒಪ್ಪಿಕೊಳ್ಳಬೇಕು. ಮಗಳಂತೂ ಇದು ಔಷಧಿ ಅಂತ ನಂಬಲೇ ಇಲ್ಲ. ಅವಳ ಲೆಕ್ಕದಲ್ಲಿ ಅದು ಬೇಗ ಖಾಲಿಯಾಗುವ ಜ್ಯೂಸು.

ಮೇ ತಿಂಗಳಲ್ಲಿ ಮಜ್ಜಿಗೆಯ ಸರದಿ. ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಯಾಕೆಂದರೆ ಮಜ್ಜಿಗೆ ಅಂದುಕೊಂಡು ನಾನು ಇಷ್ಟು ವರ್ಷ ಕುಡಿಯುತ್ತಿದ್ದದ್ದು ಬೇರೇನೋ.

ಅತ್ತೆ ಹೆಪ್ಪು ಹಾಕುವುದನ್ನು ಮೊದಲ ಸಲ ಪಕ್ಕದಲ್ಲಿ ನಿಂತು ನೋಡಿದೆ. ಹಾಲು ಕಾಯಿಸಿ ಕೆಳಗಿಳಿಸಿದರು. ಮುಚ್ಚಳ ಓರೆ ಮಾಡಿ ಬಿಟ್ಟರು. ಆಮೇಲೆ ಕಿರುಬೆರಳು ಅದ್ದಿ ಒಂದು, ಎರಡು, ಮೂರು ಅಂತ ಹತ್ತರವರೆಗೆ ಎಣಿಸಿದರು. ಹತ್ತರವರೆಗೆ ಬೆರಳು ತಡೆದರೆ ಸರಿ, ಐದಕ್ಕೇ ತೆಗೆಯಬೇಕೆನಿಸಿದರೆ ಇನ್ನೂ ಬಿಸಿ. ಥರ್ಮಾಮೀಟರ್ ಇಟ್ಟು ನೋಡಿದೆ, 41 ಡಿಗ್ರಿ! ಮೊಸರಿನ ಬ್ಯಾಕ್ಟೀರಿಯಾಗೆ ಬೇಕಾದ ಶಾಖ ಇದರ ಆಸುಪಾಸೇ. ಅರ್ಧ ಲೀಟರಿಗೆ ಒಂದು ಚಿಕ್ಕ ಚಮಚ ಹೆಪ್ಪು ಹಾಕಿ, ಚಮಚದ ಹಿಂಬದಿಯಿಂದ ಎರಡು ಸುತ್ತು ಕದಡಿ, ಅಕ್ಕಿ ಡಬ್ಬದೊಳಗೆ ಕೂರಿಸಿದರು. ಚಳಿಗಾಲದಲ್ಲಿ ಮೇಲೊಂದು ಟವೆಲ್. ನಾನು ಇಷ್ಟು ವರ್ಷ ಹಾಲು ಪೂರ್ತಿ ಆರಿದ ಮೇಲೆ ಎರಡು ದೊಡ್ಡ ಚಮಚ ಹಾಕಿ, ಮೊಸರು ಲೋಳೆಯಾಯಿತು ಅಂತ ಹಾಲನ್ನು ಬೈಯುತ್ತಿದ್ದೆ.

ಎರಡನೇ ತಪ್ಪು ಒಗ್ಗರಣೆಯದ್ದು. ನನಗೆ ಮಜ್ಜಿಗೆ ಬೆಚ್ಚಗೆ ಬೇಕು. ಒಗ್ಗರಣೆಗೇ ಮಜ್ಜಿಗೆ ಸುರಿದು ಒಲೆ ಮೇಲೆ ಕಾಯಿಸುತ್ತಿದ್ದೆ. ಆವಿ ಬರುವಷ್ಟು ಬಿಸಿಯಾದರೆ ಒಳಗಿರುವವೆಲ್ಲ ಸತ್ತವು ಅಂತಲೇ ಲೆಕ್ಕ. ರುಚಿ ಉಳಿಯುತ್ತದೆ, ಜೀವ ಉಳಿಯುವುದಿಲ್ಲ. ಮಜ್ಜಿಗೆ ಹುಳಿಗೂ ಇದೇ ಮಾತು. ಇಡ್ಲಿಗೂ ಅಷ್ಟೇ. ಹುಳಿ ಬಂದ ಹಿಟ್ಟಿನಲ್ಲಿ ಬ್ಯಾಕ್ಟೀರಿಯಾ ತುಂಬಿತುಳುಕುತ್ತಿರುತ್ತವೆ, ಹಬೆಯಲ್ಲಿ ಹತ್ತು ನಿಮಿಷ ಬೆಂದ ಮೇಲೆ ಇಲ್ಲ. ಇಡ್ಲಿ ಜೀರ್ಣಕ್ಕೆ ಹಗುರ, ಒಪ್ಪೋಣ. ಆದರೆ ವಾಟ್ಸ್ಯಾಪ್‌ನಲ್ಲಿ ಸುತ್ತುವ "ಇಡ್ಲಿಯೇ ನಮ್ಮ ಪ್ರೋಬಯಾಟಿಕ್" ಅನ್ನುವುದು ಸುಮ್ನೆ ಹೆಮ್ಮೆಯ ಮಾತು.

ಹಾಗಾದರೆ ಮೊಸರು ಪ್ರೋಬಯಾಟಿಕ್ಕೇ? ನಿಯಮದ ಪ್ರಕಾರ ಹೌದು ಅನ್ನುವ ಹಾಗಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ವಿಶ್ವಸಂಸ್ಥೆಯ ಆಹಾರ ಸಂಸ್ಥೆ 2001ರಲ್ಲಿ ಮೂರು ಷರತ್ತು ಹಾಕಿದವು. ಜೀವಿ ಬದುಕಿರಬೇಕು, ಸಾಕಷ್ಟು ಪ್ರಮಾಣದಲ್ಲಿರಬೇಕು, ತೆಗೆದುಕೊಂಡವರಿಗೆ ಉಪಯೋಗವಾಗಬೇಕು. ನಮ್ಮ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವೂ ಪ್ರೋಬಯಾಟಿಕ್ ಆಹಾರದಲ್ಲಿ ದಿನಕ್ಕೆ ಕನಿಷ್ಠ 10 ಕೋಟಿ ಜೀವಂತ ಕಣ ಇರಬೇಕು ಅನ್ನುತ್ತದೆ. ಅತ್ತೆಯ ಮೊಸರಿನಲ್ಲಿ ಜೀವ ಬೇಕಾದಷ್ಟಿದೆ. ಆದರೆ ಉಪಯೋಗ ಸಾಬೀತು ಮಾಡಲು ಯಾವ ತಳಿ ಅಂತ ಗೊತ್ತಿರಬೇಕು, ಅದನ್ನು ಯಾರು ಹೇಳಬೇಕು? ಆ ಹೆಪ್ಪು ಅವರ ತವರಿನಿಂದ ಬಂದು, ಎರಡು ಸಲ ಪಕ್ಕದ ಮನೆಯಿಂದ ಸಾಲ ತಂದು ಮುಂದುವರಿದದ್ದು.

ಆದರೆ ಒಂದು ವಿಷಯದಲ್ಲಿ ಮೊಸರಿಗೆ ಅನುಮಾನವಿಲ್ಲದ ಗೆಲುವು ಇದೆ, ಹಾಲಿನ ಸಕ್ಕರೆ. ಬೇಧಿಯಾದ ಮೇಲೆ ಕೆಲವು ದಿನ ಕರುಳಿಗೆ ಲ್ಯಾಕ್ಟೋಸ್ ಜೀರ್ಣಿಸುವ ಶಕ್ತಿ ಕುಗ್ಗಿರುತ್ತದೆ. ಆಗ ಹಾಲು ಕುಡಿದರೆ ಮತ್ತೆ ಗುಡುಗುಡು. ಮೊಸರಿನಲ್ಲಿ ಆ ಸಕ್ಕರೆಯ ಒಂದು ಪಾಲನ್ನು ಬ್ಯಾಕ್ಟೀರಿಯಾ ಆಗಲೇ ತಿಂದಿರುತ್ತವೆ, ಉಳಿದದ್ದನ್ನು ಜೀರ್ಣಿಸಲು ನಮ್ಮ ಹೊಟ್ಟೆಯೊಳಗೂ ನೆರವಾಗುತ್ತವೆ. ಹಾಲು ಬಿಡು, ಮಜ್ಜಿಗೆ ಹಿಡಿ. ಅತ್ತೆ ಓದಿದ್ದು ಏಳನೇ ಕ್ಲಾಸು.

ಮಜ್ಜಿಗೆಯ 21 ದಿನ ಹೀಗೆ ನಡೆಯಿತು: ಹಿಂದಿನ ರಾತ್ರಿ ಹೆಪ್ಪಾದ ಮೊಸರು, ಮೂರು ಪಾಲು ನೀರು, ಚಿಟಿಕೆ ಉಪ್ಪು, ಜಜ್ಜಿದ ಶುಂಠಿ, ಕರಿಬೇವು. ಒಲೆ ಕಡೆಗೆ ಹೋಗಲಿಲ್ಲ. ಊಟದ ಕೊನೆಗೆ ದೊಡ್ಡ ಲೋಟ. ಉಬ್ಬರ ಎಂಟು ದಿನ. ಯಾಕುಲ್ಟಿಗಿಂತ ಮೂರು ದಿನ ಕಡಿಮೆ. ಹೀಗಂತ ಅತ್ತೆಗೆ ಹೇಳಿದ್ದೇ ತಪ್ಪಾಯಿತು, ಬೀದಿಗೆಲ್ಲ ಗೊತ್ತಾಯಿತು. ಅವರಿಗೆ ಹೇಳದ ವಿಷಯ ಒಂದಿದೆ. ಅದೇ ಮೇ ತಿಂಗಳ ಸೆಕೆಗೆ ನಾನು ಸಂಜೆಯ ಕಾಫಿಯನ್ನೂ ಬಿಟ್ಟಿದ್ದೆ. ಉಬ್ಬರ ಕಡಿಮೆಯಾಗಿದ್ದು ಮಜ್ಜಿಗೆಗೋ, ಕಾಫಿಯ ಹಾಲು ತಪ್ಪಿದ್ದಕ್ಕೋ? ಹಾಲಿನ ಪುಸ್ತಕದಲ್ಲಿ ಅದಕ್ಕೆ ಉತ್ತರ ಇಲ್ಲ.

ತಂಗಳನ್ನವನ್ನೂ ಒಂದು ವಾರ ನೋಡಿದೆ. ರಾತ್ರಿ ಅನ್ನಕ್ಕೆ ನೀರು ಹಾಕಿಟ್ಟು ಬೆಳಿಗ್ಗೆ ಮಜ್ಜಿಗೆ, ಈರುಳ್ಳಿ ಜೊತೆ. ಹೊಟ್ಟೆ ತಣ್ಣಗಿತ್ತು, ಹತ್ತು ಗಂಟೆಗೆ ಆಫೀಸಿನಲ್ಲಿ ನಿದ್ದೆಯೂ ಬಂತು. ಬಿಟ್ಟೆ.

ಜುಲೈನಲ್ಲಿ ಅದೇ ಹಲ್ಲಿಗೆ ರೂಟ್ ಕೆನಾಲ್. ಮತ್ತೆ ಅದೇ ಆಂಟಿಬಯಾಟಿಕ್. ಈ ಸಲ ವೈದ್ಯರನ್ನು ಕೇಳಿ ಮೊದಲ ದಿನದಿಂದಲೇ ಸ್ಯಾಕರೋಮೈಸಿಸ್ ಬೌಲಾರ್ಡಿ ಕ್ಯಾಪ್ಸೂಲ್ ತೆಗೆದುಕೊಂಡೆ, 250 ಮಿಲಿಗ್ರಾಂ, ದಿನಕ್ಕೆ ಎರಡು. ಇದು ಬ್ಯಾಕ್ಟೀರಿಯಾ ಅಲ್ಲ, ಯೀಸ್ಟ್. ಅದರ ಗುಟ್ಟು ಇರುವುದೇ ಇಲ್ಲಿ. ಬ್ಯಾಕ್ಟೀರಿಯಾ ಕೊಲ್ಲುವ ಮಾತ್ರೆ ಯೀಸ್ಟನ್ನು ಮುಟ್ಟುವುದಿಲ್ಲ. ಮೊಸರು, ಯಾಕುಲ್ಟ್‌ಗಳನ್ನು ಆಂಟಿಬಯಾಟಿಕ್ ಜೊತೆಗೇ ತೆಗೆದುಕೊಂಡರೆ ಅವೂ ಏಟು ತಿನ್ನುತ್ತವೆ, ಎರಡು ಗಂಟೆಯಾದರೂ ಅಂತರ ಬೇಕು. ಸಿಪ್ರೋಫ್ಲಾಕ್ಸಸಿನ್, ಡಾಕ್ಸಿಸೈಕ್ಲಿನ್ ಥರದ ಆಂಟಿಬಯಾಟಿಕ್ ಆದರೆ ಮೊಸರಿನ ಕ್ಯಾಲ್ಸಿಯಂ ಮಾತ್ರೆಯನ್ನೇ ಹಿಡಿದುಕೊಂಡು ಅದರ ಕೆಲಸ ಕೆಡಿಸುತ್ತದೆ. ಈ ಯೀಸ್ಟಿಗೆ ಅಂಥ ರಗಳೆ ಇಲ್ಲ.

ಇದು ಸಿಕ್ಕ ಕತೆಯೂ ಸೊಗಸು. 1920ರ ದಶಕದಲ್ಲಿ ಫ್ರಾನ್ಸಿನ ವಿಜ್ಞಾನಿ ಆಂರಿ ಬೌಲಾರ್ಡ್ ಇಂಡೋಚೈನಾದಲ್ಲಿ (ಈಗಿನ ವಿಯೆಟ್ನಾಂ ಕಡೆ) ಇದ್ದಾಗ ಕಾಲರಾ ಬಂದಿತ್ತು. ಅಲ್ಲಿನ ಕೆಲವರು ಬೇಧಿ ಹತೋಟಿಗೆ ತರಲು ಲಿಚಿ, ಮ್ಯಾಂಗೋಸ್ಟೀನ್ ಹಣ್ಣಿನ ಸಿಪ್ಪೆ ಕುದಿಸಿದ ನೀರು ಕುಡಿಯುತ್ತಿದ್ದುದನ್ನು ಅವರು ಕಂಡರು. ಆ ಹಣ್ಣುಗಳಿಂದ ಬೇರ್ಪಡಿಸಿದ್ದೇ ಈ ಯೀಸ್ಟ್.

ನಾನು ಮಾಡಿದ ಎಡವಟ್ಟು ಕೇಳಿ. ಹಲ್ಲುನೋವಿನಲ್ಲಿ ಕ್ಯಾಪ್ಸೂಲ್ ನುಂಗಲು ಬೇಜಾರಾಗಿ ಮೊದಲ ಎರಡನ್ನೂ ಬಿಚ್ಚಿ ಬಿಸಿಬಿಸಿ ರವೆ ಗಂಜಿಗೆ ಬೆರೆಸಿದೆ. ಸಂಜೆ ಡಬ್ಬಿಯ ಚೀಟಿ ಓದಿದರೆ, ಬಿಸಿ ಪದಾರ್ಥಕ್ಕೆ ಹಾಕಬೇಡಿ ಅಂತಿದೆ. ಒಂದಕ್ಕೆ 50 ರೂಪಾಯಿಯ ಹಾಗೆ 100 ರೂಪಾಯಿಯ ಯೀಸ್ಟನ್ನು ಗಂಜಿಯಲ್ಲಿ ಬೇಯಿಸಿ ತಿಂದಿದ್ದೆ. ಮಾರನೆಯ ದಿನದಿಂದ ತಣ್ಣೀರಲ್ಲಿ ನುಂಗಿದೆ. ಐದು ದಿನದಲ್ಲಿ ಒಂದು ದಿನ ಸ್ವಲ್ಪ ಸಡಿಲವಾಯಿತು, ಬೇಧಿ ಆಗಲಿಲ್ಲ. ಜನವರಿಗೂ ಜುಲೈಗೂ ಇದ್ದ ವ್ಯತ್ಯಾಸ ನನಗಂತೂ ಎದ್ದು ಕಂಡಿತು. ಮೊದಲ ದಿನದಿಂದಲೇ ಶುರು ಮಾಡಿದ್ದೂ ಕಾರಣ ಇರಬಹುದು. ವಯಲ್ ಅನ್ನೂ ಹಾಗೇ ಕೊಟ್ಟು ನೋಡಿದ್ದರೆ ನ್ಯಾಯವಾಗಿರುತ್ತಿತ್ತು.

ಇಷ್ಟು ಒಳ್ಳೆಯದಾದರೆ ದಿನಾ ನುಂಗಬಹುದಲ್ವಾ ಅಂತ ಗೆಳತಿ ಕೇಳಿದಳು. ನಾನು ನಿಲ್ಲಿಸಿದೆ. ಅಮೆರಿಕದ ಗ್ಯಾಸ್ಟ್ರೋಎಂಟರಾಲಜಿ ಸಂಘ 2020ರಲ್ಲಿ ಎಲ್ಲ ಪ್ರಯೋಗಗಳನ್ನು ತಿರುವಿಹಾಕಿ, ಹೊಟ್ಟೆಯ ಬಹುಪಾಲು ಕಾಯಿಲೆಗಳಿಗೆ ಪ್ರೋಬಯಾಟಿಕ್ ಕೊಡಲು ಸಾಕ್ಷ್ಯ ಸಾಲದು ಅಂದಿತು. ಕೆಲವೇ ಸಂದರ್ಭಗಳಿಗೆ ಒಪ್ಪಿತು. ಆಂಟಿಬಯಾಟಿಕ್ ತೆಗೆದುಕೊಳ್ಳುವವರಿಗೆ ಸಿ. ಡಿಫಿಸೈಲ್ ಅನ್ನುವ, ಬೇಧಿ ತರುವ ಬ್ಯಾಕ್ಟೀರಿಯಾದ ಸೋಂಕು ತಡೆಯಲು ಕೆಲವು ತಳಿಗಳನ್ನು ಹೆಸರಿಸಿತು, ಬೌಲಾರ್ಡಿ ಅದರಲ್ಲೊಂದು. ಇಸ್ರೇಲಿನ ವೈಜ್‌ಮನ್ ಸಂಸ್ಥೆಯವರು 2018ರಲ್ಲಿ ಇನ್ನೊಂದು ವಿಚಿತ್ರ ಕಂಡಿದ್ದರು. ಆಂಟಿಬಯಾಟಿಕ್ ಆದ ಮೇಲೆ ಹಲವು ಬ್ಯಾಕ್ಟೀರಿಯಾ ಬೆರೆಸಿದ ಪ್ರೋಬಯಾಟಿಕ್ ತೆಗೆದುಕೊಂಡವರಲ್ಲಿ, ಅವರದೇ ಹಳೆಯ ಕರುಳು ಬ್ಯಾಕ್ಟೀರಿಯಾ ವಾಪಸ್ ಬರುವುದು ತಡವಾಯಿತು. ಏನೂ ತೆಗೆದುಕೊಳ್ಳದವರಲ್ಲಿ ಬೇಗ ಬಂದವು. ಬಾಡಿಗೆಯವರು ಕೂತುಬಿಟ್ಟರೆ ಮನೆಯವರು ಬರುವುದು ಕಷ್ಟ ಅಲ್ವಾ. ಮತ್ತೆ, ರೋಗನಿರೋಧಕ ಶಕ್ತಿ ತೀರಾ ಕಡಿಮೆ ಇರುವವರು, ಆಸ್ಪತ್ರೆಯಲ್ಲಿ ದೊಡ್ಡ ರಕ್ತನಾಳಕ್ಕೆ ನಳಿಕೆ ಹಾಕಿಸಿಕೊಂಡವರು ಈ ಯೀಸ್ಟಿನ ತಂಟೆಗೇ ಹೋಗಬಾರದು, ಅದು ರಕ್ತಕ್ಕೆ ಸೇರುವ ಅಪಾಯವಿದೆ. ಬೇಧಿಯಲ್ಲಿ ರಕ್ತ ಕಂಡರೆ, ಜ್ವರ ಬಂದರೆ ಈ ನಾಲ್ಕರಲ್ಲಿ ಯಾವುದೂ ಬೇಡ, ನೇರ ಡಾಕ್ಟರ ಹತ್ತಿರ.

ಈಗ ನಮ್ಮ ಮನೆಯ ವ್ಯವಸ್ಥೆ ಹೀಗಿದೆ. ದಿನಾ ಮಧ್ಯಾಹ್ನ ಮಜ್ಜಿಗೆ, ಕಾಯಿಸದೆ. ಬಸ್ಸಿನ ಪ್ರಯಾಣವಿದ್ದರೆ ಬ್ಯಾಗಿನಲ್ಲಿ ಎರಡು ವಯಲ್, ಅರ್ಧ ನಂಬಿಕೆ ಅರ್ಧ ಧೈರ್ಯಕ್ಕೆ. ಯಾಕುಲ್ಟ್ ಮಗಳ ಪರೀಕ್ಷೆಯ ವಾರದಲ್ಲಿ ಲಂಚವಾಗಿ ಬರುತ್ತದೆ. ಹೋದ ವಾರ ದಂತವೈದ್ಯರು ಎಡಗಡೆ ಮೇಲಿನ ಹಲ್ಲನ್ನೂ ತಟ್ಟಿ, "ಇದನ್ನೂ ನೋಡಬೇಕಾಗುತ್ತೆ" ಅಂದರು. ಬರುವಾಗ ದಾರಿಯಲ್ಲಿ ಹತ್ತು ಕ್ಯಾಪ್ಸೂಲ್ ತಂದಿಟ್ಟೆ. ಡಬ್ಬಿಯ ಮೇಲೆ ಅತ್ತೆ ಕನ್ನಡದಲ್ಲಿ ದಪ್ಪಗೆ ಬರೆದಿದ್ದಾರೆ: ಗಂಜಿಗೆ ಹಾಕಬಾರದು.